ಎತ್ತಿನ ಹಸಿಬಿ, ಸೈಕಲ್ಲಿನ ಗಂಟು

ಹಸಿಬಿ ಅಂದ್ರ ಈಗಿನ ಹುಡುಗರಿಗೆ ತಿಳಿಯೂದಿಲ್ಲ. ಉದ್ದನ್ನ ಚೀಲ, ಬಾಯಿ ನಡುವ, ಮಾಲು ಎರಡೂ ತುದಿಗೆ. ಹೆಗಲಿಗೆ ಹಾಕಿದ್ರ ಒಂದು ಪಾಲು ಎದಿ ಕಡೆ, ಒಂದು ಪಾಲು ಬೆನ್ನ ಕಡೆ. ಎತ್ತಿನ ಮ್ಯಾಲ ಹಾಕಿದ್ರ ಎಡಕ್ಕೊಂದು, ಬಲಕ್ಕೊಂದು. ತೂಕ ಸಮ ಇತ್ತಂದ್ರ ಅದು ತಾನ ಕೂಡ್ತಿತ್ತು. ನಮ್ಮ ಕಡೆ ಸೈಕಲ್ಲಿಗೆ ಚೀಲ ಕಟ್ಟೂ ವಿದ್ಯಾನೂ ಈ ಹಸಿಬಿಯಿಂದನ ಬಂದದ್ದು ಅಂತ ನನ್ನ ಅಂದಾಜು.

ಗಾಡಿ ದಾರಿ ಇಲ್ಲದ ಕಾಲಕ್ಕ ದಖ್ಖನ್ನಿನಾಗ ಕಾಳು, ಉಪ್ಪು ಹೊತ್ತದ್ದು ಲಂಬಾಣಿಗರ ಹೇರೆತ್ತು. ಮೊಘಲರ ದಂಡಿಗೂ, 1803ರ ಮರಾಠಾ ಯುದ್ಧದಾಗ ವೆಲ್ಲೆಸ್ಲಿ ದಂಡಿಗೂ ಕಾಳು ಮುಟ್ಟಿಸಿದವರು ಅವರ. 1880ರ ದಶಕದಾಗ ಹೊಟಗಿ–ಗದಗ ರೈಲು ಬಾಗಲಕೋಟಿ, ಬಾದಾಮಿ ಹಾಯ್ದು ಬಂತು, ಹೇರೆತ್ತಿನ ಕೆಲಸಕ್ಕ ಕುತ್ತು ಬಂತು. ಆದ್ರ ಆ ರೈಲು ಹುನಗುಂದಕ್ಕ ಬರಲಿಲ್ಲ, ಇಳಕಲ್ಲಿಗೂ ಬರಲಿಲ್ಲ. ಅಲ್ಲಿ ನೇಯ್ದ ಸೀರಿ ಹಳ್ಳಿ ಮುಟ್ಟಬೇಕಂದ್ರ ಚಕ್ಕಡಿ, ಇಲ್ಲಾ ಹೆಗಲು, ಆಮ್ಯಾಲ ಸೈಕಲ್.

ಎರಡೂ ಗಾಲಿ ಸಮ ಇರೂ ಸೈಕಲ್ಲನ್ನ ಇಂಗ್ಲೆಂಡಿನ ಸ್ಟಾರ್ಲಿ 1885ರಾಗ ಮಾಡಿದ, ಗಾಳಿ ತುಂಬೂ ಟೈರು 1888ರಾಗ ಡನ್‌ಲಪ್ ತಂದ. ನಮಗ ಅದು ಅಗ್ಗ ಆದದ್ದು ಮದ್ರಾಸಿನಾಗ ಟಿ.ಐ. ಸೈಕಲ್ಸ್ (1949), ಸೋನಿಪತ್ತಿನಾಗ ಅಟ್ಲಾಸ್ (1951), ಲುಧಿಯಾನಾದಾಗ ಹೀರೋ (1956) ಸುರು ಆದ ಮ್ಯಾಲ. ಆ ಕರೇ ಸೈಕಲ್ಲಿನ ಮುಂದಿನ ಗಾಲಿಗೆ 32 ಸ್ಪೋಕ್, ಹಿಂದಿನದಕ್ಕ 40. ಭಾರ ಹಿಂದ ಬೀಳತೈತಿ ಅಂತ ಮಾಡಿದಾವಗ ಗೊತ್ತಿತ್ತು.

ನಮ್ಮಜ್ಜ ಇಳಕಲ್ಲಿಂದ ಸೀರಿ ಉದ್ರಿ ತಂದು ಹುನಗುಂದದ ಸುತ್ತಿನ ಹಳ್ಳಿಗೋಳಾಗ ಮಾರತಿದ್ದ. ಇಳಕಲ್ಲ ಸೀರಿ ಒಡಲಿನ ಹಾಸು ಬ್ಯಾರೆ, ಸೆರಗಿನ ಹಾಸು ಬ್ಯಾರೆ. ಎರಡಕ್ಕೂ ಕೊಂಡಿ ಹಾಕಿ ಕೂಡಿಸಿ ನೇಯ್ತಾರ, ಅದನ್ನ ತೋಪ ತೆನಿ ಅಂತಾರ. ರೇಷ್ಮಿ ಸೆರಗಿಗೆ ಚೈನಿನ ಎಣ್ಣಿ ಒಮ್ಮೆ ಹತ್ತಿತಂದ್ರ ಮುಗೀತು, ಆ ಸೀರಿ ಯಾರೂ ಕೊಳ್ಳೂದಿಲ್ಲ, ಸಾವಕಾರ ವಾಪಸ್ ತಗೊಳ್ಳೂದಿಲ್ಲ. ಒಂದು ಸೀರಿ ಕೆಟ್ರ ವಾರದ ಗಳಿಕಿ ಹೋದಂಗ, ಮನ್ಯಾಗ ಆ ಸಂತಿಗೆ ಎಣ್ಣಿ ಬೆಲ್ಲ ಇಲ್ಲ.

ಅದಕ್ಕ ಕಟ್ಟೂದನ್ನ ಅಷ್ಟು ಜ್ವಾಕಿಲೆ ಕಟ್ಟತಿದ್ರು. ಚೀಲ ಮುಂದ ಬಂದ್ರ ಪೆಡಲ್ ತುಳಿಯೂವಾಗ ಹಿಮ್ಮಡಿ ಬಡೀತೈತಿ. ಹಿಂದ ಸರಿಸಿದ್ರ ಏರಿನ್ಯಾಗ ಮುಂದಿನ ಗಾಲಿ ಹಗರಾಗಿ ಹ್ಯಾಂಡಲ್ ಮಾತು ಕೇಳೂದಿಲ್ಲ. ಹಿಂಗಾಗಿ ಹಿಮ್ಮಡಿ ತಪ್ಪುವಷ್ಟ ಹಿಂದ, ಭಾರ ಅಚ್ಚಿನ ನೇರಕ್ಕ, ಆದಷ್ಟು ಕೆಳಗ. ಬರೇ ಕ್ಯಾರಿಯರ್‌ಗೆ ಜೋತು ಬಿಟ್ಟ ಚೀಲ ಓಲಾಡಿ ಸ್ಪೋಕಿಗೆ ಸಿಗತಿತ್ತು, ಅದಕ್ಕ ಕಮ್ಮಾರರ ಕಡಿಂದ ಎರಡೂ ಬದಿಗೆ ಕಬ್ಬಿಣದ ಪಟ್ಟಿ ಇಳಿಸಿ ಅಚ್ಚಿನ ನಟ್ಟಿಗೆ ಕೂಡಿಸ್ತಿದ್ರು. ಚೀಲದ ತಳಾನೂ ಆ ಪಟ್ಟಿಗೇ ಬಿಗಿಯೂದು. ಹಗ್ಗ ಸಡಲ ಆಗತೈತಿ, ಹಳೇ ಟ್ಯೂಬ್ ಸೀಳಿದ ಪಟ್ಟಿ ತಾನ ಜಗ್ಗಿ ಹಿಡೀತೈತಿ. ಬದಿ ಚೀಲದಾಗ ಗುಳೇದಗುಡ್ಡದ ಖಣ, ದಿನಾ ಉಡೂ ಸೀರಿ. ರೇಷ್ಮಿ ಸೆರಗಿನವು ಮಾತ್ರ ಧೋತರದಾಗ ಸುತ್ತಿ ಮ್ಯಾಲಿನ ಗಂಟಿನ್ಯಾಗ, ಚೈನಿನಿಂದ ದೂರ.

ನಿಂದರಸೂದೂ ಒಂದು ಕೆಲಸಾನ. ಎರಿ ಮಣ್ಣಿನ್ಯಾಗ ಸ್ಟ್ಯಾಂಡ್ ಹೂತು ಸೈಕಲ್ ಮಗ್ಗಲಿಗೆ ಬೀಳತಿತ್ತು. ಅಜ್ಜನ ಚೀಲದಾಗ ಅಂಗೈ ಅಗಲದ ಎರಡು ಚಪ್ಪಟಿ ಕಲ್ಲು ಯಾವಾಗಲೂ ಇರ್ತಿದ್ದವು, ಸ್ಟ್ಯಾಂಡಿನ ಕಾಲಿಗೆ ಇಡಾಕ. ವ್ಯಾಪಾರ ಆದಂಗೂ ಕಷ್ಟ: ಎಡಗಡೆ ನಾಕು ಸೀರಿ ಹೋದ್ರ ಬಲಕ್ಕ ವಾಲತೈತಿ, ಮತ್ತ ಬಿಚ್ಚಿ ಸಮ ಮಾಡಬೇಕು. ಹೆಣ್ಮಕ್ಕಳು ಕೇಳೂ ಸೀರಿ ಮಾತ್ರ ಯಾವಾಗಲೂ ತಳದಾಗ ಇರತೈತಿ, ಅದು ಬ್ಯಾರೆ ಮಾತು!

ಬನಶಂಕರಿ ಜಾತ್ರಿ ಹೊತ್ತಿಗೆ ಹೊರಿ ದೊಡ್ಡದು. ಏರು ಬಂದಲ್ಲಿ ಇಳಿದು ನೂಕೂದ. ಈಗ ಹಾಲಿನವರು ಬೈಕಿನ ಎರಡೂ ಬದಿಗೆ ಕೊಕ್ಕಿ ಹಾಕಿ ಕ್ಯಾನ್ ತೂಗಬಿಡ್ತಾರಲ್ಲ, ಒಂದು ಮನಿಗೆ ಎಡಗಡೆ ಕ್ಯಾನಿಂದ ಹಾಕಿದ್ರ ಮುಂದಿನ ಮನಿಗೆ ಬಲಗಡೆದ್ದು. ನಿಂತು ನೋಡ್ರಿ ಬೇಕಾದ್ರ.