ವೇಲ್ಸಿನ ಪುರುಷ ಗಾಯನವೃಂದಗಳು: ಪ್ರಾರ್ಥನಾಮಂದಿರದಿಂದ ರಗ್ಬಿ ಕ್ಲಬ್ಬಿನವರೆಗೆ

ರಗ್ಬಿ ಪಂದ್ಯಕ್ಕೆ ಮುನ್ನ ಅಂಗಣದಲ್ಲಿ ಸಾಲುಗಟ್ಟಿ ನಿಂತು ಹಾಡುವ ಪುರುಷರ ವೃಂದವನ್ನು ಕಂಡವರಿಗೆ ವೇಲ್ಸ್ ದೇಶದ ಆ ಗಾನವೂ ಆ ಆಟವೂ ಒಡಹುಟ್ಟಿದವೆಂದು ತೋರಿದರೆ ಆಶ್ಚರ್ಯವಿಲ್ಲ; ಆದರೆ ಗಾನವು ಪ್ರಾರ್ಥನಾಮಂದಿರದ ಶಿಶುವಾಗಿದ್ದು, ಆಟವು ಆ ಮಂದಿರದ ಹಿರಿಯರ ಕಣ್ಣಿಗೆ ಪಾನಗೃಹದ ಸಂಗಾತಿಯಾಗಿದ್ದ ಕಾಲವೊಂದಿತ್ತು.

1851ರಲ್ಲಿ ಎರಡು ಸಾವಿರ ಜನರನ್ನೂ ಮೀರದಿದ್ದ ರೊಂಡಾ ಕಣಿವೆಯು, ಕಲ್ಲಿದ್ದಲಿನ ಗಣಿಗಳ ಆಕರ್ಷಣೆಯಿಂದ 1911ರ ವೇಳೆಗೆ ಒಂದೂವರೆ ಲಕ್ಷಕ್ಕೂ ಮಿಕ್ಕ ಜನರ ನೆಲೆಯಾಯಿತು. ಹೀಗೆ ಬಂದು ನೆರೆದ ಶ್ರಮಜೀವಿಗಳಿಗೆ ಮಂದಿರವೇ ಸಂಗೀತಶಾಲೆ. ಸ್ವರಗಳನ್ನು ಅಕ್ಷರಗಳಿಂದಲೇ ಸೂಚಿಸುವ ಟಾನಿಕ್ ಸೋಲ್-ಫಾ ಪದ್ಧತಿಯನ್ನು ಜಾನ್ ಕರ್ವೆನ್ ಪ್ರಚಾರಕ್ಕೆ ತಂದುದರಿಂದ, ವಾದ್ಯವನ್ನು ಕೊಳ್ಳಲಾರದ ಗಣಿಗಾರನೂ ಅಗ್ಗದ ಪುಸ್ತಕವೊಂದನ್ನು ಹಿಡಿದು ತನ್ನ ಪಾಲಿನ ಸ್ವರಪಂಕ್ತಿಯನ್ನು ಕಲಿಯುವುದು ಸಾಧ್ಯವಾಯಿತು. ಮೊದಲ ಟೆನರ್, ಎರಡನೆಯ ಟೆನರ್, ಬ್ಯಾರಿಟೋನ್, ಬೇಸ್ ಎಂಬ ನಾಲ್ಕು ಕಂಠಗಳ ಮೇಳ ರೂಪುಗೊಂಡಿತು. ಐಸ್ಟೆಡ್‌ವಡ್ ಎಂಬ ಸಾಹಿತ್ಯ-ಸಂಗೀತೋತ್ಸವಗಳ ಸ್ಪರ್ಧೆಗಳು ಅದನ್ನು ಸಾಣೆಹಿಡಿದುವು. 1893ರಲ್ಲಿ ರೊಂಡಾದ ಗಾಯಕರು ಷಿಕಾಗೋದಲ್ಲಿ ಬಹುಮಾನ ಗಳಿಸಿದರು. 1895ರಲ್ಲಿ ಟ್ರಿಯೋರ್ಕಿಯ ಗಾಯಕರು ವಿಂಡ್ಸರಿನಲ್ಲಿ ವಿಕ್ಟೋರಿಯಾ ರಾಣಿಯ ಮುಂದೆ ಹಾಡಿದರು.

ಅತ್ತ 1881ರಲ್ಲಿ ವೇಲ್ಸಿನ ರಗ್ಬಿ ಸಂಘವು ಸ್ಥಾಪಿತವಾಗಿ, ಅದೇ ಗಣಿಗಾರರು ಅದೇ ಕಣಿವೆಗಳಲ್ಲಿ ಆಟಗಾರರಾದರು. 1904ರಲ್ಲಿ ಇವಾನ್ ರಾಬರ್ಟ್ಸನ ನಾಯಕತ್ವದಲ್ಲಿ ಎದ್ದ ಧಾರ್ಮಿಕ ಪುನರುಜ್ಜೀವನವು ಎಷ್ಟು ಪ್ರಬಲವಾಗಿದ್ದಿತೆಂದರೆ, ಕೆಲವೆಡೆ ಕ್ಲಬ್ಬುಗಳೇ ಮುಚ್ಚಿಹೋದುವು. ಹೀಗಿದ್ದೂ ಮರುವರ್ಷ ಡಿಸೆಂಬರ್ 16ರಂದು ಕಾರ್ಡಿಫ್ ಆರ್ಮ್ಸ್ ಪಾರ್ಕಿನಲ್ಲಿ ನ್ಯೂಜಿಲೆಂಡ್ ತಂಡವು ತನ್ನ ರಣನೃತ್ಯವನ್ನು ಮುಗಿಸಿದಾಗ, ವೇಲ್ಸಿನ ಆಟಗಾರರು ರಾಷ್ಟ್ರಗೀತವನ್ನು ಎತ್ತಿಕೊಂಡರು, ಪ್ರೇಕ್ಷಕಸಮೂಹವು ಅದಕ್ಕೆ ದನಿಗೂಡಿಸಿತು. ವೇಲ್ಸ್ 3-0ರಿಂದ ಗೆದ್ದಿತು. ಮಂದಿರದಲ್ಲಿ ಪಳಗಿದ ಕಂಠಗಳು ಮೈದಾನಕ್ಕೆ ಸಂದುವೆಂಬುದಕ್ಕೆ ಬೇರೆ ಸಾಕ್ಷ್ಯ ಬೇಕಿಲ್ಲ.

ಅನಂತರ ದುರ್ದಿನಗಳು ಒದಗಿದುವು. ನಿರುದ್ಯೋಗದ ನಡುವೆಯೂ 1924ರಲ್ಲಿ ಪೆಂಡೈರಸ್, 1935ರಲ್ಲಿ ಮಾರಿಸ್ಟನ್ ಆರ್ಫಿಯಸ್ ವೃಂದಗಳು ಹುಟ್ಟಿದುವಾದರೂ, ಶತಮಾನದ ಉತ್ತರಾರ್ಧದಲ್ಲಿ ಮಂದಿರಗಳು ಬರಿದಾದುವು. 1984-85ರ ಮುಷ್ಕರದ ತರುವಾಯ ಗಣಿಗಳೂ ಒಂದೊಂದಾಗಿ ಮುಚ್ಚಿದುವು. ಗಾಯಕರನ್ನು ಒಂದೆಡೆ ಕೂಡಿಸುವ ಸಂಸ್ಥೆಗಳಲ್ಲಿ ರಗ್ಬಿ ಕ್ಲಬ್ಬು ಮಾತ್ರ ಗಟ್ಟಿಯಾಗಿ ಉಳಿದಿತ್ತು. ಕಾರ್ಡಿಫ್ ಆರ್ಮ್ಸ್ ಪಾರ್ಕಿನ ಹೆಸರನ್ನೇ ಧರಿಸಿದ ವೃಂದ, ಲಂಡನ್ ವೆಲ್ಷ್ ರಗ್ಬಿ ಕ್ಲಬ್ಬಿನ ವೃಂದ ಮುಂತಾದುವು ಈ ಆಶ್ರಯಾಂತರದ ಫಲಗಳು.

ಆಶ್ರಯ ಬದಲಾದಂತೆ ಗೇಯಸಂಪತ್ತೂ ಬದಲಾಗದಿರಲಿಲ್ಲ. ಹಿಂದಿನ ಸ್ಪರ್ಧಿಗಳು ಲೊರಾ ದ ರಿಯೇ ರಚಿಸಿದ ‘ಮಾರ್ಟರ್ಸ್ ಆಫ್ ದಿ ಅರೀನಾ’ದಂತಹ ದೀರ್ಘ ಕೃತಿಗಳಿಗಾಗಿ ತಿಂಗಳುಗಟ್ಟಲೆ ಬೆವರಿಳಿಸುತ್ತಿದ್ದರು, ಮೈದಾನಕ್ಕಾದರೋ ಜಾನ್ ಹ್ಯೂಸ್ 1907ರಲ್ಲಿ ರಚಿಸಿದ ‘ಕುಮ್ ರೊಂಡಾ’ದಂತಹ ನಾಲ್ಕಾರು ಧಾಟಿಗಳು ಸಾಕು. ರಗ್ಬಿಯು ವೃಂದಗಾನವನ್ನು ಉಳಿಸಿತೆಂಬುದು ಸತ್ಯ. ಅದರ ವ್ಯಾಪ್ತಿಯನ್ನು ಉಳಿಸುವ ಹೊಣೆಯಾದರೋ ವಾರವಾರವೂ ಅಭ್ಯಾಸಕ್ಕೆ ನೆರೆಯುವ ಗಾಯಕರ ಮೇಲೆಯೇ ಇದೆ.