ಬಂದೂಕಿನಿಂದ ಕ್ಯಾಮೆರಾದವರೆಗೆ

ಚಳಿಗಾಲ ಬಂತೆಂದರೆ ಮುಂಬೈಯ ಶಿವಡಿ ಜೆಟ್ಟಿಗೂ ಐರೋಲಿಯ ದೋಣಿಗೂ ಕ್ಯಾಮೆರಾ ಹೊತ್ತು ಹೋಗುವವರಲ್ಲಿ ನಮ್ಮ ಕನ್ನಡಿಗರೂ ಇದ್ದಾರೆ. ಎರಡು ಮೂರು ಗಂಟೆಗಳ ತಿರುಗಾಟ, ನಾಲ್ಕಾರು ಫ್ಲೆಮಿಂಗೊ ಫೋಟೊಗಳು, ಮಧ್ಯಾಹ್ನದ ಊಟಕ್ಕೆ ಮನೆ. ಹಕ್ಕಿಗೆ ನೋವಿಲ್ಲದ ಈ ಹವ್ಯಾಸ ನಮ್ಮ ಕೈಗೆ ಬಂದದ್ದು ಮಾತ್ರ ಬಂದೂಕು ಹಿಡಿದವರಿಂದ.

19ನೆಯ ಶತಮಾನದಲ್ಲಿ ಹಕ್ಕಿಯನ್ನು ಅಧ್ಯಯನ ಮಾಡುವುದೆಂದರೆ ಅದನ್ನು ಹೊಡೆದು, ಕೈಯಲ್ಲಿ ಹಿಡಿದು, ರೆಕ್ಕೆ ಕೊಕ್ಕುಗಳನ್ನು ಅಳೆಯುವುದಾಗಿತ್ತು. ಕಾಂಗ್ರೆಸ್ ಸ್ಥಾಪಕರಲ್ಲೊಬ್ಬರಾದ ಎ.ಒ. ಹ್ಯೂಮ್ 1885ರಲ್ಲಿ ಬ್ರಿಟಿಷ್ ಮ್ಯೂಸಿಯಮ್ಮಿಗೆ ಕೊಟ್ಟ ಸಂಗ್ರಹದಲ್ಲಿ ಹಕ್ಕಿಗಳ ಚರ್ಮ, ಮೊಟ್ಟೆಗಳು ಸೇರಿ 80 ಸಾವಿರಕ್ಕೂ ಹೆಚ್ಚು ಮಾದರಿಗಳಿದ್ದವು. 1883ರಲ್ಲಿ ಹುಟ್ಟಿದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಕಪಾಟುಗಳು ತುಂಬಿದ್ದೂ ಹೀಗೆಯೇ. ತಾನು ಏರ್‌ಗನ್ನಿನಿಂದ ಹೊಡೆದ, ಕತ್ತಿನಲ್ಲಿ ಹಳದಿ ಮಚ್ಚೆಯಿದ್ದ ಗುಬ್ಬಿ ಯಾವುದೆಂದು ಕೇಳಲು ಬಾಲಕ ಸಲೀಂ ಅಲಿ ಬಂದದ್ದು ಇಲ್ಲಿಗೇ. ಕಾರ್ಯದರ್ಶಿ ಮಿಲ್ಲಾರ್ಡ್ ಆ ಕಪಾಟುಗಳನ್ನು ತೆರೆದು ತೋರಿಸಿದರು. ಮುಂದೆ ಅದೇ ಸಲೀಂ ಅಲಿ ಮೈಸೂರು ಸಂಸ್ಥಾನದ ಪಕ್ಷಿ ಸಮೀಕ್ಷೆಗೆ ಬಂದರು. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾದದ್ದು ಅವರ ಒತ್ತಾಸೆಯಿಂದ.

ಕ್ಯಾಮೆರಾ ಆಗಲೇ ಬಂದಿತ್ತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸಿಂಗಾಪುರ ಬಿಟ್ಟು ಭಾರತಕ್ಕೆ ಬಂದ ಸಿನಿಮಾ ಉದ್ಯಮಿ ಲೋಕ್ ವಾನ್ ಥೋ, ಸಲೀಂ ಅಲಿಯವರ ಜೊತೆ ತಿರುಗಿ ಹಕ್ಕಿಗಳ ಚಿತ್ರ ತೆಗೆದರು. ಅವರ 'ಎ ಕಂಪನಿ ಆಫ್ ಬರ್ಡ್ಸ್' 1957ರಲ್ಲಿ ಬಂತು. ಆಗಿನ ಲೆನ್ಸುಗಳಿಗೆ ದೂರದ ಹಕ್ಕಿ ಎಟುಕುತ್ತಿರಲಿಲ್ಲ. ಹಕ್ಕಿ ಖಂಡಿತ ಮರಳಿ ಬರುವ ಜಾಗವೆಂದರೆ ಗೂಡು. ಆದ್ದರಿಂದ ಛಾಯಾಗ್ರಾಹಕರು ಗೂಡಿನ ಹತ್ತಿರವೇ ಮರೆ ಕಟ್ಟಿಕೊಂಡು ಗಂಟೆಗಟ್ಟಲೆ ಕಾಯುತ್ತಿದ್ದರು. ಗುಂಡಿನ ಸದ್ದೇನೋ ನಿಂತಿತು. ಆದರೆ ಚಿತ್ರಕ್ಕೆ ಅಡ್ಡವಾದ ಒಂದು ಕೊಂಬೆ ಸರಿಸಿದರೂ ಸಾಕು, ಮರಿಗಳು ಬಿಸಿಲಿಗೂ ಕಾಗೆಯ ಕಣ್ಣಿಗೂ ಬೀಳುತ್ತವೆ. ಬೆದರಿದ ತಾಯಿ ಗೂಡನ್ನೇ ತೊರೆಯಬಹುದು.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಕಾಲ ಬದಲಾಯಿತು. ಉದ್ದ ಲೆನ್ಸುಗಳು ಬಂದವು, ಹಕ್ಕಿಯ ಹತ್ತಿರ ಹೋಗಲೇಬೇಕೆಂಬ ಕಾರಣ ಹೋಯಿತು. ಹೋಗದೆ ಉಳಿದದ್ದು ನಮ್ಮ ಆಸೆ. ಕೆಸರಿನಲ್ಲಿ ತಲೆ ತಗ್ಗಿಸಿ ಮೇಯುವ ಫ್ಲೆಮಿಂಗೊಗಳನ್ನು ಎಬ್ಬಿಸಿದರೆ ಗುಲಾಬಿ ರೆಕ್ಕೆಗಳ ಚಿತ್ರ ಸಿಗುತ್ತದೆ, ನಿಜ. ಆದರೆ ಅವುಗಳ ಊಟ ಭರತ ಇಳಿದಿರುವಷ್ಟು ಹೊತ್ತು ಮಾತ್ರ.

ಫೋಟೊಗೆ ಇನ್ನೊಂದು ಕೆಲಸವೂ ಇದೆ. ಠಾಣೆ ಖಾಡಿ 2015ರಲ್ಲಿ ಫ್ಲೆಮಿಂಗೊ ಅಭಯಾರಣ್ಯವಾಯಿತು, 2022ರಲ್ಲಿ ರಾಮ್ಸರ್ ಪಟ್ಟಿ ಸೇರಿತು. 2024ರಲ್ಲಿ ಶಿವಡಿಯಿಂದಲೇ ಅಟಲ್ ಸೇತು ತೆರೆಯಿತು. ಇಷ್ಟೆಲ್ಲ ಬದಲಾವಣೆಯ ನಡುವೆ ಯಾವ ಹಕ್ಕಿ ಎಲ್ಲಿತ್ತು, ಯಾವಾಗ ಇತ್ತು ಎಂಬುದಕ್ಕೆ ಸಾಕ್ಷಿ ಬೇಕು. ಹ್ಯೂಮ್ ಕಾಲದ ಪ್ರತಿ ಚರ್ಮಕ್ಕೂ ಸ್ಥಳ, ದಿನಾಂಕದ ಚೀಟಿ ಕಟ್ಟಿರುತ್ತಿದ್ದರು. ನಮ್ಮ ಚಿತ್ರಗಳಿಗೂ ಆ ಎರಡು ಸಾಲು ಬರೆದಿಟ್ಟರೆ, ಅಂದು ಹಕ್ಕಿ ಸತ್ತು ಕೊಡುತ್ತಿದ್ದ ಸಾಕ್ಷಿಯನ್ನು ಇಂದು ಬದುಕಿದ್ದೇ ಕೊಡುತ್ತದೆ.