ಇರಚು ಮುರಿದ ಬಗೆ

ಉಳ್ಳಾಲವೆಂದೊಡನೆ ನಮ್ಮ ಜನಕ್ಕೆ ನೆನಪಾಗುವುದು ಕಡಲ ತೀರದ ಊರು. ಪೋರ್ಚುಗೀಸರನ್ನು ಎದುರಿಸಿ ನಿಂತ ರಾಣಿ ಅಬ್ಬಕ್ಕ. ನಾನು ಹೇಳಹೊರಟಿರುವ ಊರು ಅದಲ್ಲ. ಇದು ಉಲ್ಲಾಳ. ಅಕ್ಷರಗಳು ಅವೇ, ಲಕಾರ ಳಕಾರಗಳು ಮಾತ್ರ ತಮ್ಮ ತಮ್ಮ ಜಾಗವನ್ನು ಬದಲಾಯಿಸಿಕೊಂಡಿವೆ. ಬೆಂಗಳೂರಿನ ಪಡುವಣ ಅಂಚಿನಲ್ಲಿ, ಕೆಂಗೇರಿಗೂ ಜ್ಞಾನಭಾರತಿಗೂ ಸಮೀಪದಲ್ಲಿರುವ ಈ ಊರಿಗೆ ಒಂದು ಕೆರೆಯುಂಟು. ಆದರೆ ಇತಿಹಾಸದ ಪುಸ್ತಕದಲ್ಲಿ ಹೆಸರಿಲ್ಲ. ಆದರೂ ನನಗೆ ಇತಿಹಾಸದ ಒಂದು ಪಾಠ ಆದದ್ದು ಇಲ್ಲಿಯೇ, ಒಂದು ಮೋರಿಯ ಪಕ್ಕದಲ್ಲಿ.

ವಿಜಯನಗರದ ಬಾಡಿಗೆ ಮನೆಯನ್ನು ಬಿಟ್ಟು ನಾವು ಉಲ್ಲಾಳಕ್ಕೆ ಬರುವ ದಿನ. ಸಾಮಾನು ಸಾಗಿಸಲು ಗೊತ್ತುಮಾಡಿದ್ದ ಹಳೆಯ ಪಿಕಪ್ ಬಂಡಿಗೆ ಮಂಚ, ಬೀರು, ಬೀಸುವ ಕಲ್ಲುಗಳನ್ನು ಏರಿಸಿದ್ದಾಯಿತು. ಉಳಿದದ್ದು ಇಪ್ಪತ್ತು ವರ್ಷಗಳಿಂದ ಕೂಡಿಹಾಕಿದ ಪುಸ್ತಕಗಳು. ಚಾಲಕ ಮೂಟೆಗಳನ್ನು ನೋಡಿ, “ಮೇಷ್ಟ್ರೇ, ಪುಸ್ತಕ ಅಂದ್ರೆ ಕಲ್ಲಿಗಿಂತ ತೂಕ. ಎರಡು ಟ್ರಿಪ್ ಮಾಡೋಣ” ಎಂದ. ಎರಡನೆಯ ಟ್ರಿಪ್ಪಿಗೆ ಎರಡನೆಯ ಬಾಡಿಗೆ ಎಂಬುದು ನನಗೆ ಹೊಳೆಯದೆ ಹೋಗಲಿಲ್ಲ. “ಕಾಗದದ ತೂಕ ಎಷ್ಟಪ್ಪಾ? ಒಂದೇ ಸಲಕ್ಕೆ ಮುಗಿಸಿಬಿಡು” ಎಂದೆ. ಆತ ಮತ್ತೆ ವಾದಿಸಲಿಲ್ಲ. ಬಂಡಿ ಆತನದೇ, ಸಾಲದ ಕಂತೂ ಆತನದೇ. ಸಿಕ್ಕ ಬಾಡಿಗೆಯನ್ನು ಬಿಡುವ ಸ್ಥಿತಿ ಆತನದಲ್ಲ.

ಹೊಸ ಮನೆಗೆ ಇನ್ನು ಎರಡು ಬೀದಿಯಿರುವಾಗ, ಮೋರಿ ಅಗೆದು ಮುಚ್ಚಿದ್ದ ಹಳ್ಳದಲ್ಲಿ ಹಿಂದಿನ ಚಕ್ರ ಇಳಿಯಿತು. ಆತ ಮೊದಲ ಗೇರಿಗೆ ಹಾಕಿ ಕ್ಲಚ್ಚು ಬಿಟ್ಟ. ‘ಟಣ್’ ಎಂದು ಒಂದು ಸದ್ದು. ಎಂಜಿನ್ನು ಓಡುತ್ತಿದೆ, ಬಂಡಿ ಓಡುತ್ತಿಲ್ಲ. ಹಿಂದಿನ ಎಡಗಾಲು ಓರೆಯಾಗಿ ನಿಂತಿತ್ತು.

ಬೀದಿಯ ಕೊನೆಯ ಗ್ಯಾರೇಜಿನಿಂದ ಬಂದ ಮೇಸ್ತ್ರಿ ಜಾಕಿ ಕೊಟ್ಟು, ಚಕ್ರ ಬಿಚ್ಚಿ, ಮುರಿದ ಆಕ್ಸಲ್ಲಿನ ತುಂಡನ್ನು ಹೊರಗೆಳೆದ. ನಾನು ತಪ್ಪಿತಸ್ಥನಂತೆ, “ಈಗ ಹಳ್ಳಕ್ಕೆ ಬಿದ್ದದ್ದರಿಂದ ಮುರಿಯಿತೇನಪ್ಪಾ?” ಎಂದೆ. ಆತ ಚಿಂದಿಯಿಂದ ಮುರಿದ ಬಾಯನ್ನು ಒರಸಿ ನನ್ನ ಮುಂದೆ ಹಿಡಿದ. “ಇವತ್ತು ಕಟ್ಟಾಗಿದ್ದಲ್ಲ ಮೇಷ್ಟ್ರೇ. ಎಷ್ಟೋ ತಿಂಗಳಿಂದ ಕಟ್ಟಾಗ್ತಾ ಇತ್ತು. ಇವತ್ತು ಮುಗೀತು, ಅಷ್ಟೆ.”

ನೋಡಿದೆ. ಉಕ್ಕಿನ ಮುಖದ ಒಂದು ಪಕ್ಕ ನುಣುಪಾಗಿ ಕಪ್ಪಾಗಿತ್ತು. ಇನ್ನೊಂದು ಪಕ್ಕ ಒಡೆದ ಕಲ್ಲುಸಕ್ಕರೆಯಂತೆ ತರಿತರಿಯಾಗಿ ಹೊಳೆಯುತ್ತಿತ್ತು. ನುಣುಪಾದ ಕಡೆಯಲ್ಲಿ ಒಂದರ ಹಿಂದೊಂದು ಬಾಗಿದ ಗೆರೆಗಳು. ಬೇಸಗೆಯಲ್ಲಿ ಕೆರೆಯ ನೀರು ಇಳಿದಂತೆಲ್ಲ ದಂಡೆಯ ಮೇಲೆ ಉಳಿಯುವ ಗೆರೆಗಳ ಹಾಗೆ. ಬಿರುಕು ದಿನದಿನಕ್ಕೆ ಮುಂದುವರಿದ ದಾರಿ ಅದು. ತರಿಯಾದ ಭಾಗವೊಂದೇ ಆ ದಿನದ್ದು.

ಮೇಸ್ತ್ರಿ ಅರ್ಧ ನಿಮಿಷದಲ್ಲಿ ಹೇಳಿದ ಈ ಮಾತನ್ನು ತಿಳಿಯಲು ಯೂರೋಪಿನ ಪಂಡಿತರಿಗೆ ಎಷ್ಟೋ ವರ್ಷಗಳು ಹಿಡಿದವು. ಅದಕ್ಕೆ ತೆತ್ತ ಬೆಲೆಯೂ ದೊಡ್ಡದು. 1842ರ ಮೇ 8ರಂದು ಫ್ರಾನ್ಸಿನ ವರ್ಸೇಲ್ಸಿನಲ್ಲಿ ಅರಸನ ಹೆಸರಿನ ಉತ್ಸವ ನಡೆದಿತ್ತು. ಸಂಜೆ ಪ್ಯಾರಿಸಿಗೆ ಮರಳುತ್ತಿದ್ದ ರೈಲಿನ ಮುಂದಿನ ಎಂಜಿನ್ನಿನ ಅಚ್ಚು ಮ್ಯೂಡಾನ್ ಎಂಬಲ್ಲಿ ಮುರಿಯಿತು. ಹಿಂದಿನ ಗಾಡಿಗಳು ಒಂದರ ಮೇಲೊಂದು ಏರಿದವು, ಬೆಂಕಿ ಹತ್ತಿತು. ಗಾಡಿಗಳ ಬಾಗಿಲಿಗೆ ಹೊರಗಿನಿಂದ ಬೀಗ ಹಾಕುವುದು ಆಗಿನ ಪದ್ಧತಿ. ಐವತ್ತಕ್ಕೂ ಹೆಚ್ಚು ಜನ ಒಳಗೇ ಸುಟ್ಟುಹೋದರು. ದಕ್ಷಿಣ ಧ್ರುವದ ಕಡಲುಗಳನ್ನೆಲ್ಲ ಸುತ್ತಿ ಬದುಕಿ ಬಂದಿದ್ದ ನಾವಿಕ ದ್ಯುಮಾನ್ ದ್ಯುರ್ವಿಲ್, ಆತನ ಹೆಂಡತಿ ಮತ್ತು ಮಗ ಆ ಬೆಂಕಿಯಲ್ಲಿ ತೀರಿಕೊಂಡರು.

ಒಳ್ಳೆಯ ಕಬ್ಬಿಣ ಹೀಗೇಕೆ ಮುರಿಯಿತು? ಓಟದ ಅದುರಾಟದಿಂದ ಕಬ್ಬಿಣದ ಒಳಗುಣವೇ ಬದಲಾಗಿ, ಅದು ಹರಳುಗಟ್ಟಿ ಪೆಡಸಾಗುತ್ತದೆಂದು ಆಗ ಹಲವರು ನಂಬಿದ್ದರು. ರ್‍ಯಾಂಕಿನ್ ಎಂಬ ಸ್ಕಾಟ್ಲೆಂಡಿನ ತರುಣ ಎಂಜಿನಿಯರು ಮುರಿದ ಅಚ್ಚುಗಳನ್ನು ಪರೀಕ್ಷಿಸಿ, ಗುಣ ಬದಲಾಗಿಲ್ಲ, ಅಚ್ಚಿನ ದಪ್ಪ ಥಟ್ಟನೆ ಕಡಿಮೆಯಾಗುವ ಭುಜದ ಬಳಿ ಸಣ್ಣ ಬಿರುಕು ಹುಟ್ಟಿ ಮೆಲ್ಲಮೆಲ್ಲನೆ ಒಳಹೊಕ್ಕಿದೆ ಎಂದು ತೋರಿಸಿದ. ಆ ಬಳಿಕ ಪ್ರಷ್ಯದ ರೈಲ್ವೆಯಲ್ಲಿದ್ದ ಆಗಸ್ಟ್ ವೋಲರ್ 1850ರ ಹಾಗೂ 1860ರ ದಶಕಗಳಲ್ಲಿ, ಅಚ್ಚುಗಳನ್ನು ಯಂತ್ರಕ್ಕೆ ಕಟ್ಟಿ, ಭಾರವಿಟ್ಟು, ಲಕ್ಷಗಟ್ಟಲೆ ಸಲ ತಿರುಗಿಸಿ ನೋಡಿದ. ಒಮ್ಮೆಗೆ ಸಲೀಸಾಗಿ ತಡೆಯುವ ಭಾರಕ್ಕಿಂತ ಎಷ್ಟೋ ಕಡಿಮೆಯ ಭಾರವೂ, ಮತ್ತೆ ಮತ್ತೆ ಬಿದ್ದರೆ ಕಬ್ಬಿಣವನ್ನು ಮುರಿಯುತ್ತದೆಂದು ಕಂಡುಕೊಂಡ. ಜೊತೆಗೆ ಒಂದು ಸಮಾಧಾನದ ಮಾತನ್ನೂ ಹೇಳಿದ: ಒಂದು ಮಿತಿಯ ಒಳಗಿದ್ದರೆ ಅದು ಮುರಿಯದೆ ಬಾಳುತ್ತದೆ. ಲೋಹಕ್ಕೂ ದಣಿವುಂಟೆಂಬ ಶಾಸ್ತ್ರ ಹುಟ್ಟಿದ್ದು ಹೀಗೆ.

ಹಾಗಾದರೆ ಸಾವಿರಾರು ವರ್ಷ ನಡೆದ ನಮ್ಮ ಎತ್ತಿನ ಬಂಡಿಗೆ ಈ ರೋಗ ಏಕೆ ಕಾಡಲಿಲ್ಲ ಎಂದು ವಾಚಕರು ಕೇಳಬಹುದು. ಬಂಡಿಯ ಅಚ್ಚಿಗೆ ನಮ್ಮಲ್ಲಿ ಇರಚು, ಇರಸು ಎಂಬ ಹೆಸರುಂಟು. ತಮಿಳಿನ ‘ಇರುಚು’, ತೆಲುಗಿನ ‘ಇರುಸು’ ಇದರ ಒಡಹುಟ್ಟುಗಳು. ಈ ಇರಚು ತಿರುಗುವುದಿಲ್ಲ. ಅದು ಬಂಡಿಯ ಅಡಿಯಲ್ಲಿ ಅಲುಗದೆ ಕುಳಿತಿರುತ್ತದೆ. ಚಕ್ರದ ಗುಂಬ ಮಾತ್ರ ಅದರ ತುದಿಯಲ್ಲಿ ಸುತ್ತುತ್ತದೆ. ಭಾರ ಬಿದ್ದರೆ ಅದು ಒಂದೇ ಕಡೆಗೆ ಬಾಗುತ್ತದೆ. ಅಲ್ಲಿಯ ತೊಂದರೆ ಸವೆತದ್ದು. ಆದುದರಿಂದಲೇ ಹರಳೆಣ್ಣೆಗೆ ಸುಟ್ಟ ಹುಲ್ಲಿನ ಕರಿಯನ್ನು ಬೆರೆಸಿದ ಕೀಲೆಣ್ಣೆ, ಅದನ್ನು ತುಂಬಿ ಬಂಡಿಯ ಕೆಳಗೆ ನೇತುಹಾಕಿದ ಬಿದಿರ ಕೊಳವೆ. ಚಕ್ರ ಕಳಚದಂತೆ ತುದಿಯಲ್ಲಿ ಒಂದು ಕಡಾಣಿ, ಎಂದರೆ ಕಡೆಯ ಆಣಿ. ದೇವರ ದಾಸಿಮಯ್ಯನು ಇದನ್ನೇ ಕಡೆಗೀಲೆಂದು ಕರೆದು ತನ್ನ ಒಂದು ವಚನಕ್ಕೆ ಉಪಮೆ ಮಾಡಿಕೊಂಡಿದ್ದಾನೆ.

ರೈಲಿನ ಅಚ್ಚಿನ ಬಾಳು ಬೇರೆ. ಅದು ಚಕ್ರದೊಡನೆ ತಾನೂ ತಿರುಗುತ್ತದೆ. ಮೇಲಿನಿಂದ ಬೀಳುವ ಭಾರ ಅದೇ; ಆದರೆ ಈಗ ಮೇಲಿದ್ದ ಮೈ ಅರೆಸುತ್ತಿನಲ್ಲಿ ಕೆಳಗೆ ಬರುತ್ತದೆ. ಒಂದೊಂದು ಸುತ್ತಿಗೂ ಲೋಹದ ಒಂದೊಂದು ಎಳೆಯೂ ಒಮ್ಮೆ ಅದುಮಿಸಿಕೊಂಡು, ಒಮ್ಮೆ ಹಿಗ್ಗಿಸಿಕೊಳ್ಳುತ್ತದೆ. ತಂತಿಯನ್ನು ಅತ್ತಿತ್ತ ಬಾಗಿಸಿ ಬಾಗಿಸಿ ಮುರಿಯುತ್ತೇವಲ್ಲವೇ? ಅದೇ ಕೆಲಸ.

ಸಣ್ಣ ಪಿಕಪ್ಪಿನ ಹಿಂದಿನ ಆಕ್ಸಲ್ಲಿಗೆ ಈ ಕಷ್ಟದ ಮೇಲೆ ಇನ್ನೊಂದು ಕಷ್ಟ. ಅದು ಭಾರವನ್ನೂ ಹೊರಬೇಕು, ಎಂಜಿನ್ನಿನ ಬಲವನ್ನು ಚಕ್ರಕ್ಕೂ ಮುಟ್ಟಿಸಬೇಕು. ಎತ್ತು ಬಂಡಿಯನ್ನು ಮುಂದಿನಿಂದ ಎಳೆಯುತ್ತದೆ, ಇರಚಿಗೆ ತಿರುಚಾಟವಿಲ್ಲ. ಮೋಟಾರಿನಲ್ಲಿ ಬಲ ಬರುವುದು ನಡುವಿನಿಂದ. ತಿರುವಿನಲ್ಲಿ ಹೊರಗಾಲಿ ಹೆಚ್ಚು ದೂರ ಓಡಬೇಕು, ಒಳಗಾಲಿ ಕಡಿಮೆ. ಎರಡನ್ನೂ ಒಂದೇ ಅಚ್ಚಿಗೆ ಬಿಗಿದರೆ ಒಂದು ಜಾರಲೇಬೇಕು. ಆದುದರಿಂದ ಅಚ್ಚನ್ನು ಎರಡು ತುಂಡು ಮಾಡಿ ನಡುವೆ ಹಲ್ಲುಚಕ್ರಗಳ ಡಿಫರೆನ್ಶಿಯಲ್ಲನ್ನು ಇಡುವ ಉಪಾಯವನ್ನು ಫ್ರಾನ್ಸಿನ ಪೆಕ್ಯೂರ್ 1827ರಲ್ಲಿ ಹಬೆಯ ಬಂಡಿಗಾಗಿ ಹೂಡಿದ. ಮೊದಮೊದಲ ಮೋಟಾರುಗಳಲ್ಲಿ ಬಲವನ್ನು ಸರಪಣಿ ಒಯ್ಯುತ್ತಿದ್ದುದೇ ಹೆಚ್ಚು; 1898ರಲ್ಲಿ ಲೂಯಿ ರೆನೋ ತನ್ನ ಪುಟ್ಟ ಬಂಡಿಗೆ ತಿರುಗುವ ದಂಡವನ್ನು ಜೋಡಿಸಿದ. ಬಂಡಿ ಕುಣಿದಂತೆಲ್ಲ ದಂಡ ಬಾಗಬೇಕಷ್ಟೆ. ಅದಕ್ಕೆ ಹದಿನೇಳನೆಯ ಶತಮಾನದಲ್ಲಿ ರಾಬರ್ಟ್ ಹುಕ್ ವಿವರಿಸಿದ್ದ ಕೀಲು ಒದಗಿತು. ನಮ್ಮ ಗ್ಯಾರೇಜುಗಳಲ್ಲಿ ‘ಕ್ರಾಸ್’ ಎನ್ನುವುದು ಅದರ ನಡುವಿನ ಶಿಲುಬೆಯನ್ನೇ.

ಈಗ ಒಂದು ಸಣ್ಣ ಲೆಕ್ಕ. ಎಂಜಿನ್ನಿನ ತಿರುಚುಬಲ 20 ಎಂದಿಟ್ಟುಕೊಳ್ಳಿ. ಮೊದಲ ಗೇರು ಅದನ್ನು ನಾಲ್ಕರಷ್ಟು ಹೆಚ್ಚಿಸುತ್ತದೆ, ಹಿಂದಿನ ಕ್ರೌನ್ ಪಿನಿಯನ್ನು ಮತ್ತೆ ನಾಲ್ಕರಷ್ಟು. ಒಟ್ಟು 320, ಆಕ್ಸಲ್ಲಿನ ಒಂದೊಂದು ತುಂಡಿಗೆ 160. ಇದು ನಯವಾಗಿ ಹೊರಟಾಗಿನ ಮಾತು. ಹಳ್ಳದಲ್ಲಿ ಸಿಕ್ಕಿಕೊಂಡಿರುವ ಭಾರದ ಬಂಡಿಗೆ ಕ್ಲಚ್ಚನ್ನು ಥಟ್ಟನೆ ಬಿಟ್ಟರೆ, ಇಲ್ಲವೆ ಕೆಸರಲ್ಲಿ ಸುಮ್ಮನೆ ಸುತ್ತುತ್ತಿದ್ದ ಚಕ್ರಕ್ಕೆ ಒಮ್ಮೆಲೇ ಗಟ್ಟಿ ನೆಲ ಸಿಕ್ಕಿದರೆ, ಬೀಳುವ ಏಟು ಇನ್ನೂ ಹೆಚ್ಚು. ಮೊದಲೇ ಬಿರುಕು ಬಿಟ್ಟ ಅಚ್ಚು ಆ ಏಟಿಗೆ ಕಾದಿರುತ್ತದೆ.

ದೊಡ್ಡ ಲಾರಿಗಳಲ್ಲಿ ಈ ಎರಡು ಕೆಲಸಗಳನ್ನು ಬೇರೆ ಮಾಡಿದ್ದಾರೆ. ಭಾರವನ್ನು ಹೊರಗಿನ ಹೌಸಿಂಗ್ ಹೊರುತ್ತದೆ. ಒಳಗಿನ ದಂಡಕ್ಕೆ ತಿರುಗಿಸುವುದಷ್ಟೇ ಕೆಲಸ. ಅದು ಮುರಿದರೂ ಲಾರಿ ನಿಲ್ಲುತ್ತದೆಯೇ ಹೊರತು ಚಕ್ರ ಕಳಚುವುದಿಲ್ಲ. ಸಣ್ಣ ಬಂಡಿಗಳಲ್ಲಿ ಬಹುಮಟ್ಟಿಗೆ ಎರಡೂ ಒಂದರ ಮೇಲೆಯೇ. ವೇಗದಲ್ಲಿ ಮುರಿದರೆ ಚಕ್ರವೇ ಹೊರಬಂದೀತು. ನನ್ನ ಪುಸ್ತಕದ ಬಂಡಿ ಮೈಸೂರು ರಸ್ತೆಯ ಮೇಲೆ ಓಡುತ್ತಿದ್ದಾಗ ಇದು ಆಗಿದ್ದರೆ ಎಂದು ಯೋಚಿಸಿ ಆ ರಾತ್ರಿ ನಿದ್ದೆ ಬರಲಿಲ್ಲ.

ಮುರಿಯುವ ಮುನ್ನ ಬಂಡಿ ಹೇಳುವುದಿಲ್ಲವೇ? ಹೇಳುತ್ತದೆ, ಎಂದು ಮೇಸ್ತ್ರಿ ಎಣಿಸಿದ. ಹೊರಡುವಾಗ ‘ಟಕ್’ ಎಂದರೆ ಕ್ರಾಸಿನಲ್ಲಿ ಗ್ರೀಸು ಒಣಗಿದೆ. ಓಡುವಾಗ ಹಿಂದಿನಿಂದ ಕೊಯ್ಯೆಂದು ಗೋಳಿಟ್ಟರೆ ಪಿನಿಯನ್ನಿನ ಬೇರಿಂಗ್ ಸಡಿಲ. ಚಕ್ರದ ಒಳಮೈಗೆ ಎಣ್ಣೆ ಇಳಿದರೆ ಸೀಲು ಹೋಗಿದೆ, ಇಲ್ಲವೆ ಹೌಸಿಂಗಿನ ಮೇಲೆ ಉಸಿರಾಡಲು ಬಿಟ್ಟ ರಂಧ್ರ ಮಣ್ಣಿನಿಂದ ಮುಚ್ಚಿದೆ. ನಮ್ಮ ನಗರದ ಮಳೆಗಾಲದ ರೋಗ ಮತ್ತೊಂದು: ಓಡಿ ಬಿಸಿಯಾದ ಹೌಸಿಂಗ್ ಅಂಡರ್‌ಪಾಸಿನ ನೀರಿಗೆ ಇಳಿದಾಗ ಒಳಗಿನ ಗಾಳಿ ತಣಿದು ಕುಗ್ಗಿ ನೀರನ್ನು ಒಳಗೆಳೆಯುತ್ತದೆ. ಎಣ್ಣೆ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗುತ್ತದೆ. ಬೇರಿಂಗಿಗೆ ತುಕ್ಕು ಹತ್ತುತ್ತದೆ. ತುಕ್ಕಿನ ಚುಕ್ಕೆಯಿಂದ ಬಿರುಕು ಹುಟ್ಟುತ್ತದೆ. ಕೀಲೆಣ್ಣೆಯ ಕೊಳವೆಯನ್ನು ಮರೆಯದ ಬಂಡಿಕಾರನ ಎಚ್ಚರ ಈ ಕಾಲಕ್ಕೂ ಬೇಕು.

ಇಂಥ ಅಚ್ಚುಗಳನ್ನು ನಾವೇ ಮಾಡಿಕೊಳ್ಳಬೇಕೆಂಬ ಆಸೆ ನಮ್ಮ ನಾಡಿಗೆ ಹಳೆಯದು. ಸರ್ ಎಂ. ವಿಶ್ವೇಶ್ವರಯ್ಯನವರು 1935ರಲ್ಲಿ ಯೂರೋಪು ಅಮೆರಿಕಗಳ ಮೋಟಾರು ಕಾರ್ಖಾನೆಗಳನ್ನು ನೋಡಿಬಂದು ಒಂದು ಯೋಜನೆಯನ್ನು ಸಿದ್ಧಪಡಿಸಿದರು. ಮೈಸೂರು ಸಂಸ್ಥಾನದ ನೆರವಿನಿಂದ ಬೆಂಗಳೂರಿನಲ್ಲೇ ಕಾರ್ಖಾನೆ ಹೂಡುವ ಮಾತೂ ನಡೆಯಿತು; ಬ್ರಿಟಿಷ್ ಸರ್ಕಾರದ ಒಪ್ಪಿಗೆ ದೊರೆಯಲಿಲ್ಲ. ಅವರೊಡನೆ ಕೈಗೂಡಿಸಿದ್ದ ವಾಲ್‌ಚಂದ್ ಹೀರಾಚಂದರು 1940ರಲ್ಲಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆಯನ್ನು ತೆರೆದರು. ಮೋಟಾರಿನದು 1944ರಲ್ಲಿ ಮುಂಬಯಿಯ ಪಾಲಾಯಿತು. 1981ರಲ್ಲಿ ಆಟೋಮೋಟಿವ್ ಆಕ್ಸಲ್ಸ್ ಎಂಬ ಸಂಸ್ಥೆ ಸ್ಥಾಪನೆಯಾಗಿ ಮೈಸೂರಿನಲ್ಲಿ ಲಾರಿಗಳ ಅಚ್ಚುಗಳು ತಯಾರಾಗತೊಡಗಿದವು. ಅತ್ತ ಬೆಂಗಳೂರಿನಲ್ಲಿ ಐ.ಐ.ಎಂ. ಸಂಸ್ಥೆಯ ಮೊದಲ ನಿರ್ದೇಶಕರಾದ ಎನ್. ಎಸ್. ರಾಮಸ್ವಾಮಿಯವರು ಎತ್ತಿನ ಬಂಡಿಯನ್ನೇ ಕೈಗೆತ್ತಿಕೊಂಡು, ಎತ್ತಿನ ಕುತ್ತಿಗೆಯ ನೋವು ಇಳಿಯುವಂತೆ ಅದನ್ನು ಸುಧಾರಿಸಬೇಕೆಂದು ವರ್ಷಗಟ್ಟಲೆ ದುಡಿದರು. ಮಹಾಪಂಡಿತರು ಬಂಡಿಯ ಬಗ್ಗೆ ಯೋಚಿಸುವುದೇ ಎಂದು ನಕ್ಕವರು ಇದ್ದಿರಬಹುದು. ಹೊರುವವರ ನೋವನ್ನು ಹೊರಿಸುವವರು ಯೋಚಿಸದೆ ಮತ್ತಾರು ಯೋಚಿಸಬೇಕು?

ಎಷ್ಟೇ ಒಳ್ಳೆಯ ಅಚ್ಚಾದರೂ ಅದಕ್ಕೊಂದು ಮಿತಿಯುಂಟು. ಇದನ್ನು ವೋಲರನಿಗೆ ಬಹು ಹಿಂದೆಯೇ ತಿರುವಳ್ಳುವರ್ ಬಲ್ಲವನಾಗಿದ್ದ. ಬಲವನ್ನು ಅರಿಯುವ ಅಧ್ಯಾಯದಲ್ಲಿ ಆತ ಕೊಡುವ ಉದಾಹರಣೆ ಕಲ್ಲಿನದಲ್ಲ, ನವಿಲುಗರಿಯದು. ಅದೂ ಅಳತೆ ಮೀರಿದರೆ ಬಂಡಿಯ ಅಚ್ಚು ಮುರಿಯುತ್ತದೆಂಬುದು ಅಲ್ಲಿಯ ಭಾವ. ನನ್ನ ನವಿಲುಗರಿಗಳು ನಿಘಂಟುಗಳೂ ಕಾವ್ಯಗಳೂ ಆಗಿದ್ದವು. ನಮ್ಮ ಕಾಯಿದೆಯೂ ಈ ವಿಷಯದಲ್ಲಿ ಕುರುಡಲ್ಲ. 1988ರ ಮೋಟಾರು ವಾಹನ ಕಾಯಿದೆ ಮಿತಿಮೀರಿದ ಭಾರಕ್ಕೆ ದಂಡ ಹಾಕುತ್ತದೆ. 2019ರ ತಿದ್ದುಪಡಿ ಅದನ್ನು 20,000 ರೂಪಾಯಿಗೂ, ಹೆಚ್ಚಿನ ಒಂದೊಂದು ಟನ್ನಿಗೆ 2,000 ರೂಪಾಯಿಗೂ ಏರಿಸಿತು. ಆ ಕಲಮಿನಲ್ಲಿ ಒಂದು ಮಾತು ಗಮನಿಸತಕ್ಕದ್ದು. ಬಂಡಿಯನ್ನು ಓಡಿಸಿದವನು ಮಾತ್ರವಲ್ಲ, ಓಡಿಸುವಂತೆ ಮಾಡಿದವನೂ ಅಲ್ಲಿ ಅಪರಾಧಿ. ಆದರೆ ರಸ್ತೆಯಲ್ಲಿ ಪೊಲೀಸರು ನಿಲ್ಲಿಸಿದಾಗ ಕೆಳಗಿಳಿದು ಕೈಕಟ್ಟಿ ನಿಲ್ಲುವವನು ಚಾಲಕನೊಬ್ಬನೇ. ‘ಒಂದೇ ಸಲಕ್ಕೆ ಮುಗಿಸು’ ಎಂದವನು ಹೊಸ ಮನೆಯಲ್ಲಿ ಹಾಲುಕ್ಕಿಸುತ್ತಿರುತ್ತಾನೆ.

2021ರಲ್ಲಿ ಹಳೆಯ ವಾಹನಗಳನ್ನು ಗುಜರಿಗೆ ಕಳಿಸುವ ರಾಷ್ಟ್ರೀಯ ನೀತಿ ಹೊರಟಿತು. ಪರೀಕ್ಷೆಯಲ್ಲಿ ಸೋತ ಬಂಡಿ ರಸ್ತೆಗೆ ಬರಬಾರದೆಂಬುದು ನ್ಯಾಯವೇ. ಆದರೆ ಬಂಡಿಯನ್ನು ಮುದಿಯಾಗಿಸುವುದು ವರ್ಷಗಳಷ್ಟೇ ಅಲ್ಲ, ನಾವು ಹೇರುವ ಭಾರವೂ ಹೌದು. ಹೊಸ ಬಂಡಿಗೂ ಇದೇ ಚೌಕಾಸಿಯ ಹೇರಾದರೆ ಅದರ ಅಚ್ಚಿನಲ್ಲಿಯೂ ಕೆರೆಯ ಗೆರೆಗಳು ಮೂಡುತ್ತವೆ.

ಆ ದಿನ ಆಕ್ಸಲ್ಲಿನ ಖರ್ಚನ್ನು ಪೂರ್ತಿ ನಾನೇ ಕೊಡುತ್ತೇನೆಂದೆ. ಚಾಲಕ ಅರ್ಧ ಮಾತ್ರ ತೆಗೆದುಕೊಂಡ. “ಸದ್ದು ಬರ್ತಿತ್ತು ಮೇಷ್ಟ್ರೇ, ನಾನೂ ಕೇಳಿಸ್ಕೊಳ್ಳಲಿಲ್ಲ” ಎಂದ. ಪುಸ್ತಕಗಳು ಮರುದಿನ ಇನ್ನೊಂದು ಬಂಡಿಯಲ್ಲಿ, ಎರಡು ಟ್ರಿಪ್ಪಿನಲ್ಲಿ ಮನೆ ಸೇರಿದವು. ಮೇಸ್ತ್ರಿಯನ್ನು ನಾನು, “ಇದಕ್ಕೆ ಕನ್ನಡದಲ್ಲಿ ಏನನ್ನುತ್ತಾರೆ ಗೊತ್ತೇ?” ಎಂದು, ಮೇಷ್ಟರ ಚಾಳಿ ಬಿಡದೆ ಕೇಳಿದೆ. ಆತ ಸ್ಪ್ಯಾನರ್ ಒರಸುತ್ತ, “ನಮ್ಮ ತಾತ ಬಂಡಿ ಮಾಡ್ತಿದ್ರು, ಇರಸು ಅಂತಿದ್ರು” ಎಂದ. ಆಮೇಲೆ, “ಹೇರೋಕ್ ಮುಂಚೆ ಕೆಳಗೆ ಬಗ್ಗಿ ಅದನ್ನ ನೋಡ್ಬೇಕು ಅಂತಾನೂ ಹೇಳ್ತಿದ್ರು” ಎಂದು ಸೇರಿಸಿದ.